ಕಿಟಕಿ ಕಡೆಯ ಕೆನ್ನೆ

ಮುಳ್ಳಣ್ಣನ ಮುಖದಲ್ಲಿ ಏನೋ ಎಡವಟ್ಟಿದೆ ಎಂದು ಮೊದಲು ಕಂಡುಹಿಡಿದವನು ಡಾಕ್ಟರಲ್ಲ, ಸ್ಟುಡಿಯೋದವನು. ಅಂಗಡಿಯ ಪರವಾನಗಿ ನವೀಕರಣಕ್ಕೆ ಎರಡು ಫೋಟೋ ಬೇಕಿತ್ತು. ಸ್ಟುಡಿಯೋದವನು ಇವನನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿ, ಗದ್ದ ಇಳಿಸಿ ಎಂದು ಆಡಿಸಿ ಒಂದು ಫೋಟೋ ಹೊಡೆದ. ನೋಡಿದ. ಒಂದು ದೀಪವನ್ನು ಹತ್ತಿರಕ್ಕೆಳೆದು ಇನ್ನೊಂದು ಹೊಡೆದ. ಮತ್ತೆ ನೋಡಿದ. ದೀಪಗಳನ್ನು ಅದಲುಬದಲು ಮಾಡಿ ಮೂರನೆಯದು ಹೊಡೆದ. ಕೊನೆಗೆ ತಲೆ ಕೆರೆದುಕೊಂಡು ನಿಂತ.

"ಅಣ್ಣಾ, ಲೈಟು ಎಲ್ಲೋ ಕೈಕೊಡ್ತಿದೆ. ನಿಮ್ಮ ಮುಖ ಅರ್ಧ ನಲವತ್ತೈದು ವರ್ಷದ್ದು ಬರ್ತಿದೆ, ಇನ್ನರ್ಧ ಎಪ್ಪತ್ತರದ್ದು."

"ನನಗೀಗ ಐವತ್ತೆಂಟು," ಎಂದ ಮುಳ್ಳಣ್ಣ. "ಸರಾಸರಿ ಹಿಡಿದರೆ ಸರಿಯಾಗೇ ಇದೆಯಲ್ಲ. ಪ್ರಿಂಟ್ ಹಾಕು."

ಮುಳ್ಳಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಅವನು ಗಡಿಯಾರ ರಿಪೇರಿಯವನು. ಹಗಲೆಲ್ಲ ಮುಳ್ಳುಗಳ ಜೊತೆಗೇ ಗುದ್ದಾಟ. ಬೀದಿಯವರು ಮುಳ್ಳಣ್ಣ ಎಂದರು, ಅದೇ ನಿಂತಿತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಅವನೂ ಸುತ್ತ ನೋಡುತ್ತಾನೆ, ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು.

ಆ ಫೋಟೋ ಮನೆಗೆ ಬಂದು ಹೆಂಡತಿಯ ಕೈಗೆ ಸಿಕ್ಕಿತು. ಅವಳು ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಗಂಡನ ಮುಖದ ಪಕ್ಕದಲ್ಲೇ ಹಿಡಿದು ಹೋಲಿಸಿದಳು. ಎಡಗೆನ್ನೆ ದಪ್ಪಗೆ, ಹಳದಿಗಟ್ಟಿ, ಆಳವಾಗಿ ಸುಕ್ಕುಬಿದ್ದಿತ್ತು. ಕಣ್ಣಿನ ಸುತ್ತ ಕಪ್ಪು ಚುಕ್ಕೆಗಳು ಎಳ್ಳು ಚೆಲ್ಲಿದ ಹಾಗೆ. ಬಲಗೆನ್ನೆ ಅಷ್ಟೇನಿಲ್ಲ. ಎರಡು ಕಡೆಯೂ ಕಣ್ಣಿನ ಕೆಳಗೆ, ಕೆನ್ನೆಮೂಳೆಯ ಏಣಿನ ಮೇಲೆ, ಹೆಸರುಕಾಳಿನಷ್ಟು ದೊಡ್ಡದಾದ ಒಂದೊಂದು ನುಣುಪು ಗಂಟು.

"ರೀ, ಈ ಎಡಗೆನ್ನೆ ಇದೇನ್ರೀ ಹೀಗಿದೆ? ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು, ನಾನು ನೋಡೇ ಇಲ್ಲವಲ್ಲ!"

ನೋಡದಿರಲು ಕಾರಣವಿತ್ತು. ಊಟಕ್ಕೆ ಕೂತರೂ, ಮಲಗಿದರೂ, ಬಸ್ಸಿನಲ್ಲಿ ಹೋದರೂ ಅವಳದು ಗಂಡನ ಬಲಗಡೆ. ಯಾರೂ ಗೊತ್ತು ಮಾಡಿದ್ದಲ್ಲ, ಹಾಗೇ ರೂಢಿಯಾಗಿತ್ತು. ಹೀಗಾಗಿ ಅವಳ ಪಾಲಿಗೆ ಮುಳ್ಳಣ್ಣ ಇನ್ನೂ ನಲವತ್ತೈದರಲ್ಲೇ ನಿಂತಿದ್ದ. ಮರುದಿನವೇ ಅವನನ್ನು ಚರ್ಮದ ಆಸ್ಪತ್ರೆಗೆ ಹೊರಡಿಸಿ ತಾನೂ ಜೊತೆಗೆ ಹೊರಟಳು.

ಡಾಕ್ಟರಮ್ಮ ಸಣ್ಣ ಆಳು, ಮಾತು ಕಡಿಮೆ. ಒಂದು ದಪ್ಪ ಕಾಗದದಿಂದ ಅವನ ಮುಖದ ಅರ್ಧ ಮುಚ್ಚಿ ಇನ್ನರ್ಧ ನೋಡಿದರು. ಆಮೇಲೆ ಆ ಅರ್ಧ ಮುಚ್ಚಿ ಈ ಅರ್ಧ ನೋಡಿದರು.

"ಬಿಸಿಲಲ್ಲಿ ಕೆಲಸನಾ?"

ಮುಳ್ಳಣ್ಣನಿಗೆ ನಗು ಬಂತು. ಬಿಸಿಲು ಕಾಣದ ಮನುಷ್ಯ ಎಂಬುದೇ ಅವನ ಹೆಚ್ಚುಗಾರಿಕೆ. ಬೆಳಗ್ಗೆ ಒಂಬತ್ತಕ್ಕೆ ನೆರಳಲ್ಲೇ ನಡೆದು ಅಂಗಡಿ ಸೇರುವವನು, ಸಂಜೆ ಆರೂವರೆಗೆ ನೆರಳಲ್ಲೇ ಮನೆ ಸೇರುವವನು. ಗಾರೆಯವರು, ಪೇಂಟಿನವರು ಬಿಸಿಲಲ್ಲಿ ಬೇಯುವುದನ್ನು ಗಾಜಿನೊಳಗಿಂದ ನೋಡಿ, 'ನಮ್ಮದು ಪುಣ್ಯದ ಕಸುಬು' ಎಂದುಕೊಂಡು ಕೂತವನು. ಹಾಗೆಂದೇ ಹೇಳಿದ.

"ಗಾಜಿನೊಳಗಿಂದ ಅಂದ್ರಲ್ಲ," ಎಂದರು ಡಾಕ್ಟರಮ್ಮ. "ಆ ಗಾಜು ಯಾವ ಕಡೆ?"

ಅಂಗಡಿ ಎಂದರೆ ಏನು, ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಬುಡದಲ್ಲಿ ಆರಡಿಗೆ ನಾಲ್ಕಡಿ ಗೂಡು. ಮೇಜು, ಕುರ್ಚಿ, ಗೋಡೆಯ ತುಂಬ ಬೇರೆ ಬೇರೆ ಹೊತ್ತು ತೋರಿಸುವ ಗಡಿಯಾರಗಳು. ಮೇಜಿನ ಎಡಕ್ಕೆ ಸೊಂಟದೆತ್ತರದಿಂದ ಸೂರಿನವರೆಗೂ ಗಾಜು. ಹನ್ನೊಂದು ಗಂಟೆಗೆ ಬೆಳಕು ಒಳಗೆ ಬಂದರೆ ಸಂಜೆ ಐದರವರೆಗೂ ಮೇಜಿನ ಮೇಲೇ ಇರುತ್ತದೆ. ಆ ಬೆಳಕನ್ನು ನೋಡಿಯೇ ಅವನು ಮೂವತ್ತು ವರ್ಷದ ಹಿಂದೆ ಆ ಜಾಗ ಹಿಡಿದದ್ದು. ಅದಕ್ಕೆ ಮೊದಲು ಹನ್ನೊಂದು ವರ್ಷ ಗುರುಗಳ ಅಂಗಡಿಯಲ್ಲಿದ್ದ. ಅಲ್ಲಿ ಕಿಟಕಿ ಬಲಕ್ಕಿತ್ತು.

"ಗಾಜು ಸುಡೋ ಕಿರಣನ ತಡೆಯುತ್ತೆ. ಅದಕ್ಕೇ ನಿಮಗೆ ಉರಿ ಗೊತ್ತಾಗಲಿಲ್ಲ. ಇನ್ನೊಂದು ಥರದ ನೇರಳಾತೀತ ಕಿರಣ ಇದೆ, ಅದು ಗಾಜಿನೊಳಗಿಂದ ನುಸುಳಿಕೊಂಡು ಬರುತ್ತೆ. ಚರ್ಮದ ಆಳಕ್ಕಿಳಿದು ನಿಧಾನಕ್ಕೆ ಕೆಲಸ ಮಾಡುತ್ತೆ. ನೀವು ನಲವತ್ತೊಂದು ವರ್ಷ ಬಿಸಿಲಲ್ಲೇ ಕೂತಿದ್ದೀರಿ, ಯಜಮಾನ್ರೇ. ಹನ್ನೊಂದು ವರ್ಷ ಬಲಕ್ಕೆ, ಮೂವತ್ತು ವರ್ಷ ಎಡಕ್ಕೆ."

ಮುಳ್ಳಣ್ಣ ಕಣ್ಣು ಕಣ್ಣು ಬಿಟ್ಟ. ಉರಿಯದ ಬೆಂಕಿ, ಸುಡದ ಬಿಸಿಲು, ಇದೆಂಥ ಲೋಕ? ಬೆಳಕನ್ನು ನಂಬಿ ಬದುಕಿದವನಿಗೆ ಬೆಳಕೇ ಹೀಗೆ ಮಾಡಿದರೆ ಇನ್ಯಾರನ್ನು ಕೇಳಬೇಕು? ತಲೆಬುಡ ತಿಳಿಯಲಿಲ್ಲ. ಸುಮ್ಮನೆ ತಲೆಯಾಡಿಸಿದ.

ಡಾಕ್ಟರಮ್ಮ ಎರಡು ಗಂಟುಗಳನ್ನೂ ದೀಪವಿದ್ದ ಒಂದು ಭೂತಗನ್ನಡಿಯಿಂದ ಬಹಳ ಹೊತ್ತು ನೋಡಿ, ಫೋಟೋ ಕೋಣೆಗೆ ಕಳಿಸಿದರು.

ಆ ಕೋಣೆ ಮುಳ್ಳಣ್ಣನಿಗೆ ಹಿಡಿಸಿತು. ಗೋಡೆಗೆ ನೀಲಿ ಬಟ್ಟೆ, ನೆಲದ ಮೇಲೆ ಹೆಜ್ಜೆ ಇಡಬೇಕಾದಲ್ಲಿ ಬಣ್ಣದ ಪಾದದ ಗುರುತು, ಕ್ಯಾಮೆರಾ ಅಲುಗದಂತೆ ಮೂರು ಕಾಲಿನ ಸ್ಟ್ಯಾಂಡು. ಅಲ್ಲಿನ ಫೋಟೋದಾಕೆ ನಡುವಯಸ್ಸಿನವಳು, ಕೂದಲನ್ನು ಬಿಗಿದು ಕಟ್ಟಿದ್ದಳು. ಎದುರಿನಿಂದ ಒಂದು, ಒಂದೊಂದು ಕಡೆಯಿಂದ ಎರಡೆರಡು, ಆಮೇಲೆ ಗಂಟುಗಳ ಪಕ್ಕ ಕಾಗದದ ಅಳತೆಪಟ್ಟಿ ಅಂಟಿಸಿ ಹತ್ತಿರದಿಂದ. ಪ್ರತಿ ಸಲವೂ ಅದೇ ದೂರ, ಅದೇ ದೀಪ. ಕೊನೆಗೆ ಕೋಣೆಯ ದೀಪ ಆರಿಸಿ ನೇರಳೆ ಬೆಳಕಿನಲ್ಲಿ ಒಂದು ಫೋಟೋ ತೆಗೆದಳು. ಅದನ್ನು ಮುಳ್ಳಣ್ಣ ಪರದೆಯ ಮೇಲೆ ನೋಡಿದ. ಹೊರಗೆ ಕಾಣದ ಕಲೆಗಳೆಲ್ಲ ಅದರಲ್ಲಿ ಕಂಡವು. ಎಡಮುಖ ತುಕ್ಕು ಹಿಡಿದ ತಗಡಿನ ಹಾಗಿತ್ತು.

"ಈ ಚೀಟಿ ಯಾಕಮ್ಮ?" ಎಂದು ಕೇಳಿದ. ಫೋಟೋಗೆ ಮೊದಲು ಅವಳು ಅವನ ಒಂದು ಕೆನ್ನೆಗೆ 'ಎಡ', ಇನ್ನೊಂದಕ್ಕೆ 'ಬಲ' ಎಂದು ಬರೆದ ಪುಟ್ಟ ಚೀಟಿ ಅಂಟಿಸಿದ್ದಳು.

"ಎದುರಿಗೆ ನಿಂತವರ ಎಡ ನನಗೆ ಬಲ. ಕಂಪ್ಯೂಟರಿಗೆ ಹೋದಮೇಲೆ ಯಾರು ಯಾವಾಗ ತಿರುಗಿಸ್ತಾರೋ ಗೊತ್ತಿಲ್ಲ. ಚರ್ಮದ ಮೇಲೇ ಅಂಟಿಸಿಬಿಟ್ಟರೆ ತಕರಾರಿಲ್ಲ. ಯಾರೇ ಎಡ ಅಂದ್ರೂ ನಾನು ಮೊದಲು ಕೇಳೋದು 'ಯಾರ ಎಡ' ಅಂತ."

ಇವಳು ನಮ್ಮ ಜಾತಿಯವಳೇ, ಕೆಲಸದಲ್ಲಿ, ಎಂದುಕೊಂಡ ಮುಳ್ಳಣ್ಣ. ಆ ಮಾತಿನ ಬಿಸಿ ತನಗೇ ತಗಲುವುದಿದೆ ಎಂದು ಆಗ ಹೊಳೆಯಲಿಲ್ಲ.

ಫೋಟೋಗಳನ್ನು ನೋಡಿ ಡಾಕ್ಟರಮ್ಮ ಹೇಳಿದ್ದು ಇಷ್ಟು: ಎರಡೂ ಗಂಟು ಈಗ ಒಂದೇ ಅಳತೆ, ನಾಲ್ಕೂವರೆ ಮಿಲಿಮೀಟರ್. ನೋಡಲಿಕ್ಕೂ ಒಂದೇ ಥರ. ಕ್ಯಾನ್ಸರಿನ ಅನುಮಾನ ಎರಡರ ಮೇಲೂ ಇದೆ. ಬೆಳೆಯದೆ ನಿಂತಿರುವುದಾದರೆ ಮುಟ್ಟಬೇಕಿಲ್ಲ, ಮೂರು ತಿಂಗಳಿಗೊಮ್ಮೆ ಫೋಟೋ ತೆಗೆದು ಕಾಯಬಹುದು. ಬೆಳೆಯುತ್ತಿರುವುದಾದರೆ ಸುತ್ತಲಿನ ಚರ್ಮದ ಸಮೇತ ತೆಗೆಯಬೇಕು, ತಡ ಮಾಡಿದರೆ ಕಣ್ಣಿನ ಕಡೆಗೇ ಹರಡುತ್ತದೆ.

"ಇಲ್ಲದಿದ್ರೆ ಎರಡನ್ನೂ ತೆಗೆದುಬಿಡೋಣ," ಎಂದರು.

"ಬೇಡ ಬೇಡ," ಎಂದು ಮುಳ್ಳಣ್ಣ ಎದ್ದೇ ನಿಂತ. ಜೇಬಿನಿಂದ ತನ್ನ ಭೂತಗನ್ನಡಿ ತೆಗೆದ. ಕಪ್ಪು ಡಬ್ಬಿಯಂಥ ಪುಟ್ಟದು. ಕೈಯಲ್ಲಿ ಹಿಡಿಯುವುದಲ್ಲ, ಹುಬ್ಬು ಮತ್ತು ಕೆನ್ನೆಮೂಳೆಯ ನಡುವೆ ಸಿಕ್ಕಿಸಿಕೊಳ್ಳುವುದು. ಗುರುಗಳು ಕೊಟ್ಟದ್ದು. ನಲವತ್ತು ವರ್ಷದಲ್ಲಿ ಅಲ್ಲಿ ಇಲ್ಲಿ ಉಜ್ಜಿ, ಕೆರೆದು, ಅವನ ಮುಖಕ್ಕೆ ಎಷ್ಟು ಹೊಂದಿಕೊಂಡಿತ್ತೆಂದರೆ ಬೇರೆಯವರ ಮುಖದ ಮೇಲೆ ನಿಲ್ಲುತ್ತಲೇ ಇರಲಿಲ್ಲ. "ಡಾಕ್ಟರೇ, ನನ್ನ ಬಲಗಣ್ಣು ಹುಟ್ಟಿನಿಂದ ಮಂದ. ಇದು ಎಡಗಣ್ಣಿಗೇ ಕೂರಬೇಕು. ಎಡಕ್ಕೆ ಕತ್ತರಿ ಹಾಕಿದರೆ ಇದು ಕೂರುತ್ತಾ?"

"ಕೆಳರೆಪ್ಪೆ ಸ್ವಲ್ಪ ಎಳೆದುಕೊಳ್ಳಬಹುದು. ಆ ಜಾಗದಲ್ಲಿ ಗಟ್ಟಿ ಸಾಮಾನು ಒತ್ತಿ ಕೂರಿಸೋದು ಮತ್ತೆ ಆಗುತ್ತೋ ಇಲ್ವೋ ಹೇಳಲಾರೆ. ಬಲದ್ದಾದರೆ ನಿಮಗೆ ಏನೂ ತೊಂದರೆ ಇಲ್ಲ." ಅವರು ಪೆನ್ನು ಕೆಳಗಿಟ್ಟರು. "ಹಳೇ ಫೋಟೋ, ಹಳೇ ದಾಖಲೆ ಏನಾದ್ರೂ ಇದ್ದಿದ್ರೆ ಯಾವುದು ಬೆಳೆದಿದೆ ಅಂತ ಹೇಳಬಹುದಿತ್ತು."

"ದಾಖಲೆ ಇದೆ!" ಎಂದ ಮುಳ್ಳಣ್ಣ, ಹೆಮ್ಮೆಯಿಂದ. ಹೆಂಡತಿ ಅವನ ಕಡೆ ತಿರುಗಿದಳು.

ಇತ್ತು. ನಾಲ್ಕು ವರ್ಷದಿಂದ ಇತ್ತು. ಗುರುಗಳು ಹೇಳಿಕೊಟ್ಟ ಪಾಠ ಒಂದಿತ್ತು: ಗಡಿಯಾರ ತಪ್ಪು ಓಡುತ್ತಿದ್ದರೆ ಕೂಡಲೇ ಬಿಚ್ಚಬೇಡ, ದಿನಾ ಎಷ್ಟು ತಪ್ಪುತ್ತದೆ ಎಂದು ಮೊದಲು ಬರೆದಿಡು. ಕನ್ನಡಿಯಲ್ಲಿ ಎರಡು ಗಂಟು ಕಂಡ ದಿನದಿಂದ ಮುಳ್ಳಣ್ಣ ಪ್ರತಿ ತಿಂಗಳ ಒಂದನೇ ತಾರೀಕು ವರ್ನಿಯರ್ ಹಿಡಿದು ಅಳೆದು ನೋಟುಪುಸ್ತಕದಲ್ಲಿ ಬರೆದಿದ್ದ. ಬರೆದದ್ದೇ ಬಂತು, ಓದಿದವನಲ್ಲ. ಓದಿದ್ದು ಒಂದೇ ಸಲ, ಹೋದ ತಿಂಗಳು, ಎರಡೂ ಸಾಲಿನಲ್ಲಿ ನಾಲ್ಕೂವರೆ ಎಂದು ಬಂದಾಗ. ಆಗ ಅವನಿಗೆ ಆದದ್ದು ಸಂತೋಷ! ಎರಡು ಗಡಿಯಾರ ಕೊನೆಗೂ ಒಂದೇ ಹೊತ್ತು ತೋರಿಸಿದರೆ ಆಗುತ್ತದಲ್ಲ, ಅಂಥದು. 'ಅಂತೂ ಸರಿಹೋಯಿತು' ಎಂದು ಪುಸ್ತಕ ಮುಚ್ಚಿದ್ದ. ಇಂಥ ತಪ್ಪು ಮಾಡಲು ಗಡಿಯಾರದವನೇ ಆಗಬೇಕು.

ನೋಟುಪುಸ್ತಕ ಮಧ್ಯಾಹ್ನವೇ ಆಸ್ಪತ್ರೆಗೆ ಬಂತು. ಡಾಕ್ಟರಮ್ಮನ ಮುಖ ಅರಳಿತು. ಒಂದು ಸಾಲಿನಲ್ಲಿ ನಾಲ್ಕು ವರ್ಷವೂ ನಾಲ್ಕೂವರೆ, ಕದಲಿಲ್ಲ. ಇನ್ನೊಂದು ಸಾಲು ಎರಡರಿಂದ ಶುರುವಾಗಿ ಎರಡು ಪಾಯಿಂಟ್ ಎಂಟು, ಮೂರು ಪಾಯಿಂಟ್ ನಾಲ್ಕು, ಹೀಗೆ ಹತ್ತಿ ನಾಲ್ಕೂವರೆಗೆ ಬಂದು ನಿಂತಿತ್ತು.

"ಒಂದು ಮಾತ್ರ ಬೆಳೀತಿದೆ. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು? ಬೆಳೆದಿರೋ ಸಾಲಿನ ಮೇಲೆ 'ಬ' ಅಂತ ಬರೆದಿದ್ದೀರಿ. ಬಲ ತಾನೇ?"

"ಹೌದು, ಬಲ," ಎಂದ ಮುಳ್ಳಣ್ಣ. ಹೆಂಡತಿ ದೊಡ್ಡ ಉಸಿರು ಬಿಟ್ಟಳು.

"ಯಾರ ಬಲ?" ಎಂದಳು ಬಾಗಿಲಲ್ಲಿ ನಿಂತಿದ್ದ ಫೋಟೋದಾಕೆ.

ಮುಳ್ಳಣ್ಣ ನೋಟುಪುಸ್ತಕದ ಮೊದಲ ಪುಟ ತಿರುವಿದ. ಕನ್ನಡಿ ನೋಡಿಕೊಂಡು ಅಳೆದದ್ದು. ಕನ್ನಡಿಯಲ್ಲಿ ಬಲಕ್ಕೆ ಕಂಡದ್ದು ತನ್ನ ಬಲವೇ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಡಿಯಾರದವರು ಕೆಲಸ ಮಾಡುವುದು ಯಂತ್ರದ ಬೆನ್ನು ಬಿಚ್ಚಿ. ಬೆನ್ನ ಕಡೆಯಿಂದ ಎಡಕ್ಕೆ ಕಂಡದ್ದು ಮುಖದ ಕಡೆಯಿಂದ ಬಲಕ್ಕಿರುತ್ತದೆ. 'ಎಲ್ಲಿಂದಲೇ ನೋಡು, ಬರೆಯುವಾಗ ಮುಖ ನೋಡುವವನ ಎಡಬಲ ಬರಿ' ಎಂದು ಗುರುಗಳು ಕಿವಿ ಹಿಂಡಿ ಕಲಿಸಿದ್ದರು. ನಲವತ್ತು ವರ್ಷದಿಂದ ಅವನ ಕೈ ಬರೆಯುವ ಮುಂಚೆ ತಾನೇ ತಿರುಗಿಸಿಬಿಡುತ್ತಿತ್ತು. ತನ್ನ ಮುಖವನ್ನೂ ತಿರುಗಿಸಿ ಬರೆದಿತ್ತೋ? ತನ್ನ ಮುಖ ನೋಡುವವನು ಯಾರು, ತಾನೋ, ಎದುರಿಗೆ ನಿಂತ ಗಿರಾಕಿಯೋ? ಕನ್ನಡಿ ಒಂದು ಸಲ ತಿರುಗಿಸಿದ್ದನ್ನು ತಾನು ಇನ್ನೊಂದು ಸಲ ತಿರುಗಿಸಿದನೋ? ಮೊದಲ ಪುಟದಲ್ಲಿ 'ಎ', 'ಬ' ಎಂದು ಒಂದೇ ಸಲ ಬರೆದದ್ದು, ನಾಲ್ಕು ವರ್ಷದ ಹಿಂದೆ. ಆಮೇಲೆ ಬರೀ ಅಂಕಿ.

"ಗೊತ್ತಾಗ್ತಾ ಇಲ್ಲ," ಎಂದ. ಕಸುಬಿಗೆ ಬಂದಮೇಲೆ ಅಳತೆಯ ವಿಷಯದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು.

ಡಾಕ್ಟರಮ್ಮ ಒಂದು ವಾರ ಕೊಟ್ಟರು. ಆ ವಾರ ಮನೆಯಲ್ಲಿ ಎಡಬಲದ್ದೇ ಮಾತು.

ಹೆಂಡತಿ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. "ಏನೂ ಯೋಚನೆ ಮಾಡಬೇಡಿ. ಯಾವಾಗಲೂ ಹೆಂಗೆ ಅಳೀತೀರೋ ಹಂಗೆ ಅಳೆದು, ಹಂಗೇ ಬರೀರಿ." ಯೋಚನೆ ಮಾಡಬೇಡ ಎಂದರೆ ಯೋಚನೆ ನಿಲ್ಲುತ್ತದೆಯೇ? ಮೊದಲ ಸಲ ಬಲದ್ದನ್ನು ಅಳೆದು 'ಬ' ಎಂದು ಬರೆದ. ಎರಡನೇ ಸಲ ಅದನ್ನೇ ಅಳೆದು 'ಎ' ಎಂದ. ಮೂರನೇ ಸಲಕ್ಕೆ ಅವನಿಗೆ ತಾನು ಯಾವ ಕೈಯಲ್ಲಿ ಬರೆಯುವವನು ಎಂಬುದೇ ಅನುಮಾನವಾಯಿತು.

ಮಗಳು ಬಂದಳು. ಪಕ್ಕದ ಬೀದಿಯಲ್ಲೇ ಅವಳ ಮನೆ, ಔಷಧಿ ಅಂಗಡಿಯಲ್ಲಿ ಕೆಲಸ. "ಅದಕ್ಯಾಕಪ್ಪಾ ಇಷ್ಟು ತಲೆಬಿಸಿ, ನನ್ನ ಫೋನಲ್ಲಿ ನಿನ್ನ ಫೋಟೋ ರಾಶಿ ಇದೆ," ಎಂದು ತೆಗೆದು ಹರಡಿದಳು. ನೋಡಿದರೆ ಅರ್ಧ ಅವಳೇ ಕೈ ಚಾಚಿ ತೆಗೆದುಕೊಂಡವು, ಅವುಗಳಲ್ಲಿ ಕೆಲವು ಉಲ್ಟಾ, ಕೆಲವು ಸುಲ್ಟಾ. ಅವಳ ಹಳೇ ಫೋನು ತಿರುಗಿಸುತ್ತಿತ್ತು, ಹೊಸದು ತಿರುಗಿಸುತ್ತಿರಲಿಲ್ಲ, ಅಥವಾ ಅದು ಹಿಂದುಮುಂದು. ಯಾವುದಾದರೂ ಅಂಗಡಿಯ ಬೋರ್ಡು ಕಂಡರೆ ತಿಳಿಯುತ್ತಿತ್ತು. ಎಲ್ಲದರ ಹಿಂದೆಯೂ ಇದ್ದದ್ದು ಬರೀ ಗೋಡೆ. ಜೊತೆಗೆ ಅವಳ ಫೋನು ಎಲ್ಲರ ಮುಖವನ್ನೂ ತಾನೇ ನುಣ್ಣಗೆ ಮಾಡಿಬಿಡುತ್ತಿತ್ತು. ಗಂಟೇ ಕಾಣಲಿಲ್ಲ.

ಮದುವೆಯ ಆಲ್ಬಂ ತೆಗೆದರು. ಮಗಳ ಮದುವೆಯ ಫೋಟೋ ತೆಗೆದದ್ದು ಅದೇ ಸ್ಟುಡಿಯೋದವನು. ಅಲ್ಲಿ ಮುಳ್ಳಣ್ಣನ ಎರಡೂ ಕೆನ್ನೆ ಬೆಣ್ಣೆಯ ಹಾಗಿತ್ತು. "ಒರೆಸಿಬಿಟ್ಟಿದ್ದಾನೆ ಮಹಾರಾಯ," ಎಂದಳು ಹೆಂಡತಿ.

"ನೀನೇ ಹೇಳೇ," ಎಂದ ಮುಳ್ಳಣ್ಣ. "ಬಲಗಡೆ ದಿನಾ ನೋಡೋಳು ನೀನು. ಈ ಗಂಟು ದೊಡ್ಡದಾಗಿದೆಯಾ, ಮೊದಲಿಂದ ಇಷ್ಟೇ ಇತ್ತಾ?"

ಅವಳು ಬೆರಳ ತುದಿಯಿಂದ ಮುಟ್ಟಿ ನೋಡಿದಳು. "ದಿನಾ ನೋಡೋರಿಗೆ ಏನ್ರೀ ಗೊತ್ತಾಗುತ್ತೆ? ಮಗಳು ಬೆಳೆದದ್ದೂ ನನಗೆ ಗೊತ್ತಾಗಲಿಲ್ಲ, ಲಂಗ ಗಿಡ್ಡ ಆದಮೇಲೆ ಗೊತ್ತಾಯ್ತು." ಆಲ್ಬಂ ಮುಚ್ಚುತ್ತಾ, "ಬಲದ್ದೇ ಇರಲಿ ಬಿಡಿ," ಎಂದಳು. ಇರಲಿ ಎಂದು ಅವಳ ಆಸೆ. ಅವನ ಆಸೆಯೂ ಅದೇ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇವನ ಕೆನ್ನೆಯ ಗಂಟಿಗೆ ಕನ್ನಡಿ ಇದ್ದೂ ಪ್ರಯೋಜನವಾಗಲಿಲ್ಲ.

ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ದಿನ ಮುಳ್ಳಣ್ಣ ಅಂಗಡಿಯಲ್ಲಿದ್ದ. ಗಾಜಿಗೆ ಈಗ ಕಂದು ಕಾಗದ ಅಂಟಿಸಿದ್ದ. ಕತ್ತಲಾದ ಮೇಜಿಗೆ ಒಂದು ದೀಪ. ಶಾಲೆಯ ಟೀಚರಮ್ಮ ಬಂದರು. ಅವರ ಕೈಗಡಿಯಾರ ಮೂರನೇ ಸಲ ನಿಂತಿತ್ತು.

"ಏನಾಗಿದೆ ಅಂತ ಹೇಳ್ತೀರಾ, ಇಲ್ಲ ಹೊಸದು ತಗೊಳ್ಳಲಾ?" ಎಂದರು.

"ನೀವೇ ನೋಡಿ ಮೇಡಂ." ಮುಳ್ಳಣ್ಣ ತನ್ನ ಭೂತಗನ್ನಡಿ ತೆಗೆದು ಅವರ ಕೈಗಿಟ್ಟ. ಒಂದು ಚಕ್ರದ ಹಲ್ಲು ಮುರಿದದ್ದನ್ನು ತೋರಿಸಬೇಕಿತ್ತು. ಅವರು ಕಣ್ಣಿಗೆ ಇಟ್ಟುಕೊಂಡರು, ಅದು ಜಾರಿ ಮಡಿಲಿಗೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಎತ್ತಿಕೊಂಡು ತಿರುಗಿಸಿ ನೋಡಿದರು.

"ಇದ್ಯಾಕೆ ಇಲ್ಲಿ ಅಂಚು ಕಚ್ಚಿ ತಿಂದ ಹಾಗಿದೆ? ಇಲಿ ಏನಾದ್ರೂ?"

"ಇಲಿಯಲ್ಲ ಮೇಡಂ, ನಾನೇ. ಕೆನ್ನೆಗೆ ಒತ್ತುತ್ತಿತ್ತು, ಅರ ಹಾಕಿ ಉಜ್ಜಿ..."

ಮಾತು ಅಲ್ಲೇ ನಿಂತಿತು. ಮುಳ್ಳಣ್ಣ, "ನಾಳಿದ್ದು ಬನ್ನಿ ಮೇಡಂ, ಚಕ್ರ ಹಾಕಿಟ್ಟಿರ್ತೀನಿ," ಎಂದು ಹೇಗೋ ಹೇಳಿ ಕಳಿಸಿದ.

ಆಮೇಲೆ ಭೂತಗನ್ನಡಿಯನ್ನು ದೀಪದ ಕೆಳಗೆ ಹಿಡಿದ. ಕಸುಬಿನವನು ಕೈಗೆ ಒಗ್ಗದ ಹತಾರವನ್ನು ಕೈಗೆ ಒಗ್ಗಿಸಿಕೊಳ್ಳುತ್ತಾನೆ. ಅದನ್ನು ಯಾರೂ ಬರೆದಿಡುವುದಿಲ್ಲ, ನೆನಪಿಡುವುದೂ ಇಲ್ಲ. ಚಿಮುಟ ಬಾಗಿಸಿದ್ದ, ಸ್ಕ್ರೂಡ್ರೈವರಿನ ಹಿಡಿಗೆ ದಾರ ಸುತ್ತಿದ್ದ. ಹಾಗೇ ಭೂತಗನ್ನಡಿಯ ಕೆಳಗಿನ ಅಂಚಿನಲ್ಲಿ ಒಂದು ಕಚ್ಚು ಮಾಡಿದ್ದ, ಎರಡು ವರ್ಷದ ಹಿಂದೆ. ಹೋದ ಚಳಿಗಾಲದಲ್ಲಿ ಅದೂ ಒತ್ತಿತು, ಸ್ವಲ್ಪ ಅಗಲ ಮಾಡಿದ. ಇತ್ತೀಚೆಗೆ, ಎರಡು ತಿಂಗಳೂ ಆಗಿಲ್ಲ, ಇನ್ನೂ ಅಗಲ ಮಾಡಿದ. ಅರದ ಗೆರೆ ಇನ್ನೂ ಮಾಸಿರಲಿಲ್ಲ. ಒಳಗೆ ಚಿಕ್ಕದು, ಅದರ ಹೊರಗೆ ದೊಡ್ಡದು, ಅದರ ಹೊರಗೆ ಇನ್ನೂ ದೊಡ್ಡದು, ಮೂರು ಮೆಟ್ಟಿಲಿನ ಹಾಗೆ ಮೂರೂ ಕಾಣುತ್ತಿದ್ದವು.

ವರ್ನಿಯರ್ ತೆಗೆದು ಅಳೆದ. ಮೂರು. ಮೂರು ಪಾಯಿಂಟ್ ಆರು. ನಾಲ್ಕು ಪಾಯಿಂಟ್ ಏಳು. ನೋಟುಪುಸ್ತಕದ ಬೆಳೆಯುವ ಸಾಲಿನ ಅಂಕಿಗಳೇ, ಒಂದೊಂದಕ್ಕೂ ಒಂದಿಷ್ಟು ಸಡಿಲ ಬಿಟ್ಟು. ಸಡಿಲ ಬಿಡುವುದನ್ನು ಕೈ ಮರೆತಿರಲಿಲ್ಲ. ನಾಲ್ಕು ವರ್ಷ ಕದಲದೆ ನಿಂತ ಗಂಟಿಗೆ ಮೂರು ಸಲ ಯಾರು ಅರ ಹಾಕುತ್ತಾರೆ? ಈ ಭೂತಗನ್ನಡಿ ಕೂರುವುದು ಎಡಗಣ್ಣಿನ ಮೇಲೆ. ಬಲಗೆನ್ನೆಯನ್ನು ಅದು ಒಂದು ದಿನವೂ ಮುಟ್ಟಿದ್ದಿಲ್ಲ.

ಮುಳ್ಳಣ್ಣನಿಗೆ ಭಯವಾಯಿತು. ಬರೀ ಭಯ, ಬೇರೇನಿಲ್ಲ. ಎಡಗಣ್ಣು ಹೋದರೆ ಎಂಬ ಭಯ ಒಂದು ಕಡೆ, ಎಡಗಣ್ಣು ಉಳಿದು ಕಸುಬು ಹೋದರೆ ಎಂಬ ಭಯ ಇನ್ನೊಂದು ಕಡೆ. ಯಾವುದು ದೊಡ್ಡದು ಎಂದು ತೂಗಿ ನೋಡಿದ, ಅವೂ ಎರಡೂ ಒಂದೇ ಅಳತೆ. ಇದು ಟೀಚರಮ್ಮನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ, ಪುಸ್ತಕಕ್ಕೂ ಗೊತ್ತಿಲ್ಲ. ಮೇಜಿನ ಖಾನೆಯಲ್ಲಿ ಹೊಸ ಭೂತಗನ್ನಡಿ ಒಂದಿತ್ತು, ಪೆಟ್ಟಿಗೆಯನ್ನೇ ಬಿಚ್ಚಿರಲಿಲ್ಲ. ಅದನ್ನು ತೆಗೆದು ಹಳೆಯದನ್ನು ಖಾನೆಯ ಮೂಲೆಗೆ ತಳ್ಳಿದ. ಹೊಸದನ್ನು ಕಣ್ಣಿಗಿಟ್ಟುಕೊಂಡ. ಗಂಟಿನ ಮೇಲೆ ಅದು ಚುರುಕ್ಕೆಂದು ಒತ್ತಿತು, ಕಣ್ಣಲ್ಲಿ ನೀರು ಬಂತು. ನೀರು ಬಂದದ್ದು ನೋವಿಗೇ ಎಂದುಕೊಂಡ. ಹಳೆಯದನ್ನು ತೆಗೆದು ಜೇಬಿಗೆ ಹಾಕಿಕೊಂಡು ಬಾಗಿಲೆಳೆದ. ಯಾಕೆ ಜೇಬಿಗೆ ಹಾಕಿಕೊಂಡೆ ಎಂದು ಕೇಳಿದ್ದರೆ ಹೇಳಲು ಅವನಿಗೆ ಬರುತ್ತಿರಲಿಲ್ಲ.

ಮರುದಿನ ಡಾಕ್ಟರಮ್ಮನ ಮುಂದೆ ಗಂಡ ಹೆಂಡತಿ ಕೂತರು. ಅವಳು ಬಲಕ್ಕೆ, ಅವನು ಎಡಕ್ಕೆ.

"ಏನಾದ್ರೂ ಗೊತ್ತಾಯ್ತಾ?"

ಮುಳ್ಳಣ್ಣ ನೆಲ ನೋಡಿದ. ಅವನು ಬಾಯಿ ಬಿಡುವ ಮೊದಲೇ ಹೆಂಡತಿ ಹೇಳಿಬಿಟ್ಟಳು, "ಬಲದ್ದೇ ಡಾಕ್ಟರೇ. ನಾನು ದಿನಾ ನೋಡ್ತೀನಲ್ಲ. ಮೊದಲು ಸಾಸಿವೆಯಷ್ಟಿತ್ತು, ಈಗ ಇಷ್ಟಾಗಿದೆ. ನನಗೆ ಖಾತ್ರಿ."

ಮುಳ್ಳಣ್ಣ ಅವಳ ಕಡೆ ತಿರುಗಿದ. ಅವಳ ಕಿವಿ ಕೆಂಪಾಗಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಸುಳ್ಳು ಹೇಳಿದಾಗಲೆಲ್ಲ ಕಿವಿ ಕೆಂಪಾದದ್ದನ್ನು ಅವನು ಕಂಡಿದ್ದ. ಇಷ್ಟು ದೊಡ್ಡ ಸುಳ್ಳು ಅವಳು ಹೇಳಿದವಳಲ್ಲ, ಹೇಳಿದ್ದು ತನಗಾಗಿ ಎಂದು ಅವನಿಗೆ ಗೊತ್ತು. ಆದರೂ ಅಲ್ಲ ಎನ್ನದೆ ಮತ್ತೆ ನೆಲ ನೋಡಿದ.

"ಹಾಗಾದ್ರೆ ಸರಿ," ಎಂದು ಡಾಕ್ಟರಮ್ಮ ಬರೆದುಕೊಂಡರು. "ಬಲದ್ದು ಇವತ್ತೇ ತೆಗೀತೀನಿ. ಎಡಕ್ಕೆ ಕಾಯೋಣ. ಹೋಗಿ ಒಂದು ಫೋಟೋ ತೆಗೆಸಿಕೊಂಡು ಬನ್ನಿ."

ಫೋಟೋ ಕೋಣೆಯಲ್ಲಿ ಮುಳ್ಳಣ್ಣ ಪಾದದ ಗುರುತಿನ ಮೇಲೆ ಪಾದವಿಟ್ಟು ನಿಂತ. ಹೆಂಡತಿ ಬಾಗಿಲ ಬಳಿ ನಿಂತಳು. ಫೋಟೋದಾಕೆ ಡಾಕ್ಟರಮ್ಮ ಬರೆದದ್ದನ್ನು ಓದಿ, ಪುಟ್ಟ ಚೀಟಿಯಲ್ಲಿ 'ಬಲ' ಎಂದು ಬರೆದು, ಅವನ ಬಲಗೆನ್ನೆಗೆ ಅಂಟಿಸಿ ಮೆಲ್ಲಗೆ ಒತ್ತಿದಳು. ಅಳತೆಪಟ್ಟಿ ಅಂಟಿಸಿದಳು. ಅದು ಕೂದಲೆಳೆಯಷ್ಟು ಓರೆಯಾಗಿತ್ತು. ಯಾರೂ ನೋಡುವಂಥದ್ದಲ್ಲ. ಅವಳು ಕಿತ್ತು ಮತ್ತೆ ನೇರವಾಗಿ ಅಂಟಿಸಿದಳು.

"ಅಲುಗಾಡಬೇಡಿ," ಎಂದು ಹೇಳಿ ಕ್ಯಾಮೆರಾದ ಹಿಂದೆ ಹೋದಳು.

ಅಷ್ಟು ನೇರವಾದ ಪಟ್ಟಿಯ ಪಕ್ಕದಲ್ಲಿ ಸುಳ್ಳಾಗಿ ನಿಂತಿರಲು ಮುಳ್ಳಣ್ಣನಿಂದ ಆಗಲಿಲ್ಲ. ಕೈ ಜೇಬಿಗೆ ಹೋಯಿತು. ಹಳೇ ಭೂತಗನ್ನಡಿ ತೆಗೆದು ಎಡಗಣ್ಣಿಗೆ ಸಿಕ್ಕಿಸಿಕೊಂಡ. ಅದು ಯಾವತ್ತಿನಂತೆ ಕೂತಿತು, ಗಂಟು ಹೋಗಿ ಕಚ್ಚಿನೊಳಗೆ ನಿಂತಿತು, ಸುತ್ತ ಒಂದಿಷ್ಟು ಸಡಿಲ ಬಿಟ್ಟು. ಎರಡೂ ಕೈ ಕೆಳಗೆ ಬಿಟ್ಟ. ಕನ್ನಡಿ ಬೀಳಲಿಲ್ಲ.

"ಮೊದಲು ಇದರ ಫೋಟೋ ತೆಗೀರಮ್ಮ," ಎಂದ. "ಮೂರು ಸಲ ಅರ ಹಾಕಿದ್ದೀನಿ. ಮೂರೂ ಕಾಣೋ ಹಾಗೆ ತೆಗೀರಿ. ಆ ಪುಸ್ತಕದಲ್ಲಿರೋ 'ಬ' ಎಡ."

ಬಾಗಿಲ ಬಳಿ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. "ರೀ..." ಎಂದಳು.

ಫೋಟೋದಾಕೆ ಹತ್ತಿರ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಬಲಗೆನ್ನೆಯ ಚೀಟಿಯನ್ನು ನೋವಾಗದಂತೆ ಬಿಡಿಸಿದಳು. ಹೊಸದೊಂದು ಬರೆದು ಕೈಯಲ್ಲಿ ಹಿಡಿದುಕೊಂಡು, ಅಂಟಿಸುವ ಮೊದಲು, ಗೊತ್ತಿದ್ದೂ ಗೊತ್ತಿದ್ದೂ ಕೇಳಿದಳು.

"ಯಾರ ಎಡ?"

"ನಂದು," ಎಂದ ಮುಳ್ಳಣ್ಣ. ಕನ್ನಡಿ ಕಣ್ಣಲ್ಲೇ ಇತ್ತು. ಇನ್ನೆಷ್ಟು ಹೊತ್ತು ಹೀಗೆ ನಿಲ್ಲುತ್ತದೋ ಅವನ ಲೆಕ್ಕಕ್ಕೆ ಸಿಗಲಿಲ್ಲ. "ನನ್ನ ಎಡ ಕಣಮ್ಮ."